ನಲವತ್ತು ಪಾಯಿಂಟಿನ ಮಾರಮ್ಮ

ದೇವರ ಜಮೀನು ನುಂಗಿದವರನ್ನು ನೀವು ನೋಡಿರುತ್ತೀರಿ. ದೇವರ ಮೇಲೆ ಆಣೆಯಿಟ್ಟು ಸುಳ್ಳು ಹೇಳಿದವರನ್ನೂ ನೋಡಿರುತ್ತೀರಿ. ಆದರೆ ದೇವರ ಶಕ್ತಿಯನ್ನೇ ಅನಂತದಿಂದ ನಲವತ್ತಕ್ಕೆ ಇಳಿಸಿ, ಅದಕ್ಕೊಂದು ಆರ್ಡರ್ ಬರೆದು, ಕೆಳಗೆ ತಾರೀಖು ಸಮೇತ ರುಜು ಹಾಕಿದ ಮಹಾನುಭಾವರನ್ನು ನೋಡಿದ್ದೀರಾ? ನಾನು ನೋಡಿದ್ದೇನೆ. ಅವರು ನಮ್ಮ ಮಾವ! ಇಷ್ಟು ಮಾಡಿಯೂ ಅವರ ಕಣ್ಣೇನೂ ಹೋಗಲಿಲ್ಲ, ಕೈ ಸೇದಿ ಹೋಗಲಿಲ್ಲ. ಎದೆ ಮಾತ್ರ ಒಂದು ಸಲ ಕೈಕೊಟ್ಟಿತು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮಾವ ಅಂದರೆ ನಮ್ಮಮ್ಮನ ತಮ್ಮ. ತಿ. ನರಸೀಪುರದಲ್ಲಿ ಮನೆ. ಸರ್ವೆಯರ್ ಆಗಿದ್ದು ರಿಟೈರ್ ಆದವರು. ಅಂದರೆ, ಸರ್ಕಾರ ಅವರನ್ನು ರಿಟೈರ್ ಮಾಡಿದೆ, ಅವರು ಇನ್ನೂ ಆಗಿಲ್ಲ. ಯಾರ ಮನೆಗೆ ಹೋದರೂ ಮೊದಲು ಹಜಾರದ ಉದ್ದಗಲವನ್ನು ಹೆಜ್ಜೆಯಲ್ಲಿ ಅಳೆದು, ಆಮೇಲೆ ಕೂರುತ್ತಾರೆ. ಮದುವೆ ಊಟದಲ್ಲಿ ತಮ್ಮ ಎಲೆಗೂ ಪಕ್ಕದವರ ಎಲೆಗೂ ಮಧ್ಯೆ ಒತ್ತುವರಿ ಆಗಿದೆಯಾ ಅಂತ ನೋಡುತ್ತಾರೆ. ನಮ್ಮತ್ತೆಯ ತವರು ಹುಲ್ಲಹಳ್ಳಿ. ಆಕೆ ಇವತ್ತಿಗೂ ಹೇಳುವ ಮಾತು ಇದು: "ನನ್ನ ನೋಡಕ್ಕೆ ಅಂತ ಬಂದ್ರು ಕಣವ್ವ. ನನ್ನ ಮಕ ನೋಡ್ನಿಲ್ಲ. ನಮ್ಮ ಇತ್ತಲು ಅಳ್ದು, 'ನಿಮ್ದು ಒಂದಡಿ ಪಕ್ಕದೋರಿಗೆ ಹೋಗ್ಯದೆ, ವಾಪಸ್ ಇಸ್ಕಳಿ' ಅಂತ ಏಳಿ ಎದ್ದೋದ್ರು. ನಮ್ಮಪ್ಪಂಗೆ ಅಷ್ಟಕ್ಕೇ ಅಳಿಯ ಒಪ್ಗೆ ಆಗೋದ!"

ಇಂಥ ಮನುಷ್ಯ ರಾಕ್ಷಸರು, ಮಾಟಗಾತಿಯರು, ಕತ್ತಿವೀರರು ತುಂಬಿದ ಆಟಕ್ಕೆ ಬಿದ್ದದ್ದು ಹೇಗೆ? ಅದೂ ಅಳತೆಯಿಂದಲೇ! ಒಂದು ದಿನ ಮೈಸೂರಿನ ಫುಟ್‌ಪಾತಿನಲ್ಲಿ ಹಳೇ ಪುಸ್ತಕದ ರಾಶಿಯ ನಡುವೆ ದಪ್ಪ ಇಂಗ್ಲಿಷ್ ಪುಸ್ತಕವೊಂದು ಕಣ್ಣಿಗೆ ಬಿತ್ತಂತೆ. ತೆರೆದರೆ ಪುಟಪುಟಕ್ಕೂ ಚೌಕುಳಿ ಹಾಳೆಯ ಮೇಲೆ ನಕ್ಷೆ. ಕೋಟೆ, ಕಾಡು, ಹೊಳೆ, ದಾರಿ, ಎಲ್ಲದಕ್ಕೂ ಅಳತೆ. ಸರ್ವೆ ಕಲಿಸುವ ಪುಸ್ತಕ ಅಂದುಕೊಂಡು ಎದೆಗವಚಿಕೊಂಡು ಬಂದರು. ಮನೆಗೆ ಬಂದು ಡಿಕ್ಷನರಿ ಇಟ್ಟುಕೊಂಡು ಓದಿದ ಮೇಲೆ ಗೊತ್ತಾಯಿತು, ಅದೊಂದು ಆಟದ ರೂಲ್ಸು ಅಂತ. ಮೂರ್ನಾಲ್ಕು ಜನ ಸೇರಿ ಒಬ್ಬೊಬ್ಬರೂ ಒಂದೊಂದು ಪಾತ್ರ ಆಗುವುದು. ಒಬ್ಬರು ಕಥೆ ನಡೆಸುವುದು. ದಾರಿಯಲ್ಲಿ ರಾಕ್ಷಸ ಎದುರಾದರೆ ಕತ್ತಿ ಎತ್ತುವುದೋ ಓಡುವುದೋ ಬಾಯಲ್ಲಿ ಹೇಳುವುದು. ಗೆದ್ದರೋ ಸತ್ತರೋ ಅನ್ನುವುದನ್ನು ದಾಳ ಹೇಳುತ್ತದೆ. ಪ್ರತಿಯೊಬ್ಬರಿಗೂ ಇಂತಿಷ್ಟು ಪಾಯಿಂಟು ಜೀವ, ಇಂತಿಷ್ಟು ಪಾಯಿಂಟು ಶಕ್ತಿ.

ನಂಜನಗೂಡಿನಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿಯಿದೆ. ಮಾವ ಬೆಳಿಗ್ಗೆ ಒಂಬತ್ತಕ್ಕೆಲ್ಲ ಅಲ್ಲಿಗೆ ಬಂದು ಪುಸ್ತಕವನ್ನು ಮೆಷಿನ್ ಮೇಲೆ ಇಟ್ಟರು.

"ನೋಡಮ್ಮಿ, ಇದ್ರಲ್ಲಿ ದೇವ್ರಿಗೂ ಅಂಕಿ ಅದೆ! ನಾನು ಇಷ್ಟು ವರ್ಷ ಹೊಲ, ಗದ್ದೆ, ಖರಾಬು, ಗೋಮಾಳ ಎಲ್ಲ ಅಳ್ದೆ. ಇದೊಂದು ಬಾಕಿ ಇತ್ತು ನೋಡು. ನಾಕು ಕಾಪಿ ಹಾಕು."

ಹೀಗೆ ನಮ್ಮ ಭಾನುವಾರಗಳು ಹಾಳಾದವು.

ಆಟಕ್ಕೆ ಸೇರಿದವರು ಮೂವರು. ನಾನು ಒಬ್ಬಳು, ಮಾಟಗಾತಿ. ಎರಡನೆಯವರು ಸೋಸಲೆಯ ಆಚಾರ್ರು. ಸಂಸ್ಕೃತ ಪಾಠ ಹೇಳುವವರು, ಮಾವನ ಹಳೇ ಸ್ನೇಹಿತರು, ಈರುಳ್ಳಿ ಕೂಡ ಮುಟ್ಟದವರು. ಅವರು ಆರಿಸಿಕೊಂಡ ಪಾತ್ರ ಯಾವುದು ಗೊತ್ತೇ? ದಿನಕ್ಕೊಂದು ಮೇಕೆ ತಿನ್ನುವ ಕತ್ತಿವೀರ! "ಆಟದಲ್ಲಿ ತಾನೇ? ಹೊಟ್ಟೆಗೆ ಹೋಗುವುದಿಲ್ಲವಲ್ಲ" ಅಂತ ಸಮಾಧಾನ ಬೇರೆ. ಊರಿಗೆ ಹೊಕ್ಕ ತಕ್ಷಣ "ಇಲ್ಲಿ ಮೇಕೆ ಸಿಗುತ್ತದೆಯೇ?" ಅಂತ ಕೇಳುವಾಗ ಅವರ ಮುಖದಲ್ಲಿ ಬರುತ್ತಿದ್ದ ಕಳೆಯನ್ನು ನಾನು ಯಾವ ಆರಾಧನೆಯ ಪಂಕ್ತಿಯಲ್ಲೂ ಕಂಡಿಲ್ಲ.

ಮೂರನೆಯವನು ತಗಡೂರಿನ ಸಿದ್ದರಾಜು. ಬಸ್ ಕಂಡಕ್ಟರ್. ಮಾವ ವಾರಕ್ಕೆರಡು ಸಲ ಅವನ ಬಸ್ಸಿನಲ್ಲಿ ಓಡಾಡಿ, ಎರಡು ಸ್ಟೇಜಿನ ನಡುವಿನ ದೂರ ತಪ್ಪು ಅಂತ ವಾದ ಮಾಡಿ ಮಾಡಿ ಸ್ನೇಹವಾಯಿತು. ಅವನ ಅಪ್ಪನ ಕಾಲದಲ್ಲೇ ಅವರ ಮನೆಯವರು ಬೌದ್ಧರಾದವರು. ಸಿದ್ದರಾಜು ಯಾವ ದೇವರಿಗೂ ಕೈ ಮುಗಿಯುವುದಿಲ್ಲ, ಎಲ್ಲ ದೇವರ ಪ್ರಸಾದವನ್ನೂ ತಿನ್ನುತ್ತಾನೆ. ಆಟದಲ್ಲಿ ಅವನು ಮೂಲಿಕೆ ವೈದ್ಯ. ಗಾಯ ಆದವರಿಗೆಲ್ಲ ಅವನೇ ಔಷಧಿ ಕೊಡಬೇಕು. ಇಂಗ್ಲಿಷ್ ಪುಸ್ತಕದಲ್ಲಿ ಔಷಧಿ ಅಂದರೆ ಗಾಜಿನ ಬುಡ್ಡಿಯಲ್ಲಿ ಕೆಂಪು ನೀರು. ನಮ್ಮಲ್ಲಿ ರಸಬಾಳೆ. ಒಂದು ತಿಂದರೆ ಐದು ಪಾಯಿಂಟು ಜೀವ ವಾಪಸ್ಸು!

ಪುಸ್ತಕ ಹೇಳುವ ಇಪ್ಪತ್ತು ಮುಖದ ದಾಳ ನಮ್ಮ ಕಡೆ ಎಲ್ಲಿ ಸಿಗಬೇಕು? ಚೌಕಾಬಾರಕ್ಕೆ ಉಜ್ಜಿಟ್ಟ ಹುಣಸೆ ಬೀಜವೇ ದಾಳವಾಯಿತು. ಮಾವ ನಾಲ್ಕು ಡ್ರಾಯಿಂಗ್ ಹಾಳೆ ಅಂಟಿಸಿ ಮಾರಳ್ಳಿ ಅಂತ ಒಂದು ಊರಿನ ನಕ್ಷೆ ಬರೆದರು. ಊರಿನ ಕಾವಲಿಗೆ ಮಾರಮ್ಮ. ಅರ್ಧ ಇಟ್ಟಿಗೆಗೆ ಅರಿಶಿನ ಕುಂಕುಮ ಬಳಿದು ನಕ್ಷೆಯ ಮಧ್ಯೆ ನಿಲ್ಲಿಸಿದರು. ಊರಿನ ಗಡಿಗೆ ಕಪಿಲೆಯಿಂದ ತಂದ ಒಂದು ನುಣ್ಣನೆ ಕಲ್ಲು, ನಿಂಬೆಹಣ್ಣಿನಷ್ಟು ದೊಡ್ಡದು. ಅದೇ ಗಡಿಕಲ್ಲು.

ಈಗ ಬಂತು ಪ್ರಶ್ನೆ. ಮಾರಮ್ಮನಿಗೆ ಶಕ್ತಿ ಎಷ್ಟಿರಬೇಕು?

"ಇದೆಂಥ ಪ್ರಶ್ನೆ? ಅನಂತ," ಅಂದರು ಆಚಾರ್ರು. "ಎಣಿಸುವುದಕ್ಕೆ ಬಂದರೆ ಅದು ದೇವರೇ ಅಲ್ಲ."

ಸರಿ, ಮೊದಲನೇ ಭಾನುವಾರ ಅನಂತವೇ ಇಟ್ಟು ಆಡಿದೆವು. ರಾಕ್ಷಸ ಬಂದ. ಆಚಾರ್ರು ಕೈ ಮುಗಿದರು. ಮಾರಮ್ಮ ಎದ್ದಳು. ರಾಕ್ಷಸ ಸತ್ತ. ಒಟ್ಟು ಎರಡು ನಿಮಿಷ! ನನ್ನ ಮಾಟ ಚೀಲದಲ್ಲೇ ಉಳಿಯಿತು, ಆಚಾರ್ರ ಕತ್ತಿ ಒರೆಯಲ್ಲೇ ಉಳಿಯಿತು. ನಂಜನಗೂಡಿನಿಂದ ನಿಂತುಕೊಂಡು ಬಸ್ಸಿನಲ್ಲಿ ಬಂದ ನಾನು ಎರಡು ನಿಮಿಷದ ಆಟಕ್ಕೆ ಬಂದಂತಾಯಿತು. ಅತ್ತೆ ಒಳಗಿನಿಂದ, "ಆಯ್ತಾ? ಇನ್ನೂ ಎಣ್ಣೇನೇ ಕಾದಿಲ್ವಲ್ರೋ" ಅಂದರು.

"ಅದ್ಕೇ ಸಾ ಏಳದು," ಅಂದ ಸಿದ್ದರಾಜು. "ಸೊನ್ನೆ ಇಡಿ. ಇಟ್ಟಿಗೆ ಇಟ್ಟಿಗೇನೇ. ನಮ್ ಕೈಲಿ ಏನಾಯ್ತದೋ ನೋಡವ."

ಎರಡನೇ ಭಾನುವಾರ ಸೊನ್ನೆ. ರಾಕ್ಷಸ ಬಂದ. ಊರನ್ನು ತಿಂದ. ನಮ್ಮನ್ನು ತಿಂದ. ಆಚಾರ್ರನ್ನು ಕೊನೆಗೆ ತಿಂದ, ಮೇಕೆ ತಿಂದು ಕೊಬ್ಬಿದ್ದರು ನೋಡಿ. ಹತ್ತು ನಿಮಿಷಕ್ಕೆ ಆಟ ಮುಗಿದು, ಸತ್ತವರೆಲ್ಲ ಕೂತು ಬೋಂಡ ತಿಂದೆವು.

ಮಾವ ಒಂದು ವಾರ ಯಾರ ಹತ್ತಿರವೂ ಮಾತಾಡಲಿಲ್ಲವಂತೆ. ಮೂರನೇ ಭಾನುವಾರ ಹೋದರೆ ಗೋಡೆಯ ಮೇಲೆ ಆರ್ಡರ್ ಅಂಟಿಸಿದೆ. ಈಗಲೂ ನನ್ನ ಹತ್ತಿರ ಅದರ ಜೆರಾಕ್ಸ್ ಇದೆ. "ಮಾರಳ್ಳಿ ಗ್ರಾಮದ ಮಾರಮ್ಮನವರಿಗೆ ನಲವತ್ತು ಪಾಯಿಂಟು ಶಕ್ತಿ ಮಂಜೂರು ಮಾಡಲಾಗಿದೆ. ಮಂಗಳವಾರ, ಶುಕ್ರವಾರ ಐದು ಪಾಯಿಂಟು ಹೆಚ್ಚುವರಿ. ಒಮ್ಮೆ ಖರ್ಚಾದ ಶಕ್ತಿಯು ಅಮಾವಾಸ್ಯೆಯವರೆಗೆ ವಾಪಸು ಬರತಕ್ಕದ್ದಲ್ಲ. ಸದರಿ ದೇವತೆಯ ಅಧಿಕಾರವು ಗಡಿಕಲ್ಲಿನವರೆಗೆ ಮಾತ್ರ ಇರತಕ್ಕದ್ದು. ಗಡಿ ದಾಟಿದ ಆಸಾಮಿಗೆ ಯಾವುದೇ ರಕ್ಷಣೆ ಇರತಕ್ಕದ್ದಲ್ಲ." ಕೆಳಗೆ ರುಜು!

"ದೇವ್ರನ್ನ ಗುಮಾಸ್ತೆ ಮಾಡಿಬಿಟ್ಟಿರಲ್ಲ!" ಅಂದರು ಆಚಾರ್ರು.

"ಗುಮಾಸ್ತ ಅಂದ್ರೆ ಏನಂದ್ಕೊಂಡ್ರಿ? ತಾಲ್ಲೂಕು ನಡಿಯೋದು ಗುಮಾಸ್ತನಿಂದ್ಲೇ!" ಅಂದರು ಮಾವ. "ಎಲ್ಲಾ ಮಾಡ್ತೀನಿ ಅನ್ನೋ ಸಾಹೇಬ ಏನೂ ಮಾಡಲ್ಲ. ಇದಿಷ್ಟು ನನ್ನ ಏರಿಯಾ ಅನ್ನೋನು ಮಾಡ್ತಾನೆ. ನಲವತ್ತಿದ್ರೆ ಭಯಾನೂ ಇರ್ತದೆ, ಧೈರ್ಯಾನೂ ಇರ್ತದೆ. ಆಟ ಅಂದ್ರೆ ಅಷ್ಟೇಯಾ."

ಹೇಳಬಾರದು, ಆಟ ಕಳೆಗಟ್ಟಿತು! ಮಾರಮ್ಮನ ಶಕ್ತಿಯನ್ನು ಈಗ ಬಳಸುವುದೋ ಉಳಿಸುವುದೋ ಅಂತ ನಾವು ಜಗಳಾಡುವುದೇನು, ಆಕೆಯನ್ನು ಪೂಸಿ ಹೊಡೆಯುವುದೇನು! ಆಕೆ ಸುಮ್ಮನೆ ಬರುತ್ತಿರಲಿಲ್ಲ, ಹೂ ಕೇಳಬೇಕಿತ್ತು. ನಮ್ಮ ಕಡೆ ಗುಡಿಗಳಲ್ಲಿ ಕೇಳುತ್ತಾರಲ್ಲ, ಹಾಗೆ. ಇಟ್ಟಿಗೆಯ ಎಡಬಲಕ್ಕೆ ಒದ್ದೆ ಹೂವಿನ ಎಸಳು ಅಂಟಿಸುವುದು. ಬಲಗಡೆಯದು ಮೊದಲು ಬಿದ್ದರೆ ಒಪ್ಪಿಗೆ, ಎಡಗಡೆಯದು ಬಿದ್ದರೆ ಇಲ್ಲ. ಆಚಾರ್ರು ಮಂತ್ರ ಹೇಳುವ ನೆಪದಲ್ಲಿ ಬಲಗಡೆಗೆ ಮೆಲ್ಲಗೆ ಉಫ್ ಅನ್ನುತ್ತಿದ್ದುದು ಮೂರು ತಿಂಗಳ ಮೇಲೆ ಪತ್ತೆಯಾಯಿತು. ಅಲ್ಲಿಂದ ಮುಂದೆ ಹೂ ಕೇಳುವಾಗ ಎಲ್ಲರೂ ಬಾಯಿಗೆ ಟವೆಲ್ ಕಟ್ಟಿಕೊಳ್ಳಬೇಕು, ಫ್ಯಾನ್ ಆರಿಸಬೇಕು ಅಂತ ಆರ್ಡರ್ ಆಯಿತು. ಏಪ್ರಿಲ್ ತಿಂಗಳ ಮಧ್ಯಾಹ್ನ! ನಾವು ನಾಲ್ವರು ಡಕಾಯಿತರ ಹಾಗೆ ಮುಖ ಮುಚ್ಚಿಕೊಂಡು, ಬೆವರು ಸುರಿಸುತ್ತಾ, ಇಟ್ಟಿಗೆಯೊಂದನ್ನು ದಿಟ್ಟಿಸುತ್ತಾ ಕೂತಿದ್ದೇವೆ. ಅತ್ತೆ ಬಂದು, "ಉಸ್ರು ಕಟ್ಟಿ ಸಾಯ್ತೀರಾ?" ಅಂತ ಬೈದು ಫ್ಯಾನಿನ ಸ್ವಿಚ್ ಒತ್ತಿದರು. ಬಲಗಡೆಯ ಎಸಳು ಹಾರಿಹೋಯಿತು. ಮಾರಳ್ಳಿ ಉಳಿಯಿತು! ಆ ಊರಿನ ಇತಿಹಾಸದಲ್ಲಿ ಅದೊಂದು ಪವಾಡ ಅಂತಲೇ ದಾಖಲಾಗಿದೆ.

ಅಂದಹಾಗೆ ನಮ್ಮೂರ ನಂಜುಂಡೇಶ್ವರನನ್ನು ಆಟಕ್ಕೆ ತರೋಣವೇ ಅಂತ ನಾನೊಮ್ಮೆ ಕೇಳಿದ್ದೆ. "ವಿಷ ಕುಡ್ದು ಅರಗಿಸ್ಕೊಂಡೋನಮ್ಮಿ ಅವ್ನು. ಯಾವ ರಾಕ್ಷಸನ್ನ ಬಿಟ್ರೂ ಅವ್ನಿಗೆ ಸಾಲಲ್ಲ, ಆಟ ಕೆಡ್ತದೆ" ಅಂತ ಮಾವ ಅರ್ಜಿ ವಜಾ ಮಾಡಿದರು.

ಇಷ್ಟೆಲ್ಲ ನಗೆಯ ನಡುವೆ ಒಂದು ವಿಷಯ ಬಿಟ್ಟೆ. ಬೇಕೆಂದೇ ಬಿಟ್ಟೆ. ಹೇಳುವಾಗ ನನಗೆ ಸ್ವಲ್ಪ ಮುಜುಗರ.

ಮಾವ ಮಾರಳ್ಳಿಯ ನಕ್ಷೆ ಬರೆದಾಗ ಪ್ರತಿಯೊಬ್ಬರ ಪಾತ್ರಕ್ಕೂ ಮನೆ ತೋರಿಸಿದರು. ಕತ್ತಿವೀರನಿಗೆ ಗುಡಿಯ ಎದುರು, ಮಾಟಗಾತಿಗೆ ಕೆರೆ ಏರಿಯ ಮೇಲೆ. ಮೂಲಿಕೆ ವೈದ್ಯನ ಮನೆ ಕೇರಿಯಲ್ಲಿ. ಕೇರಿ ಗಡಿಕಲ್ಲಿನ ಆಚೆ. ಸಿದ್ದರಾಜು ಬಗ್ಗಿ ನೋಡಿ ನಕ್ಕ.

"ಇಲ್ಲೂ ಆಚೆಗೇನಾ ಸಾ?"

"ನಾನು ಅಳ್ದ ಊರುಗಳಲ್ಲೆಲ್ಲ ಅಂಗೇ ಇತ್ತು ಕಣ್ಲಾ. ಮಾರಮ್ಮನ ಗಡಿ ಊರಬಾಗ್ಲಿಗೆ ಮುಗೀತದೆ, ಕೇರಿ ಆಚೆಗೆ. ನಕ್ಷೇಲಿ ಸುಳ್ಳು ಬರೆಯಕ್ಕಾಯ್ತದಾ?"

"ರಾಕ್ಷಸ ನಿಮ್ ಕಲ್ಪನೆ, ಮಾರಮ್ಮ ನಿಮ್ ಕಲ್ಪನೆ, ಮಾರಳ್ಳಿನೇ ನಿಮ್ ಕಲ್ಪನೆ. ಕೇರಿ ಒಂದು ಮಾತ್ರ ದಾಖಲೆನಾ ಸಾ?"

ನಾವೆಲ್ಲ ಗೊಳ್ಳೆಂದು ನಕ್ಕೆವು. ಮಾವನೂ ನಕ್ಕರು. ಬೋಂಡ ಬಂತು. ಮಾತು ಅಲ್ಲಿಗೆ ಮುಗಿಯಿತು, ಕಲ್ಲು ಅಲ್ಲೇ ಉಳಿಯಿತು.

ಎರಡು ವರ್ಷದಲ್ಲಿ ರಾಕ್ಷಸ ವೈದ್ಯನ ಮನೆಯನ್ನು ನಾಲ್ಕು ಸಲ ತಿಂದ. ತಿನ್ನದೆ ಏನು ಮಾಡುತ್ತಾನೆ? ಕಾವಲಿಲ್ಲದ ಮನೆ ಅದೊಂದೇ! ಪ್ರತಿ ಸಲವೂ ಮಾವ ಟೇಪು ಹಿಡಿದು ಅಳೆದು, "ಗಡಿಯಿಂದ ಮೂರಂಗುಲ ಆಚೆಗದೆ. ಏನೂ ಮಾಡಕಾಗಲ್ಲ" ಅನ್ನುತ್ತಿದ್ದರು. ಸಿದ್ದರಾಜು, "ಮಾರಮ್ಮಂಗೆ ಒಂದು ಬಸ್ ಪಾಸಾದ್ರೂ ಮಾಡ್ಸಿ ಸಾ. ಮೂರಂಗುಲ ಬರಕ್ಕಾಗಲ್ವಾ?" ಅಂತ ತಮಾಷೆ ಮಾಡುತ್ತಿದ್ದ. ಮುಂದಿನ ವಾರ ಮತ್ತೆ ಅದೇ ಜಾಗದಲ್ಲಿ ಮನೆ ಕಟ್ಟಿಕೊಂಡು, ಗಡಿಯೊಳಗಿನ ನಮಗೆಲ್ಲ ರಸಬಾಳೆ ಹಂಚುತ್ತಿದ್ದ. ನಾವು ತಿನ್ನುತ್ತಿದ್ದೆವು. ಅವನ ತಮಾಷೆಗೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ನಾನೇ.

ಈಗ ಎದೆಯ ವಿಷಯ.

ಹೋದ ವರ್ಷ ಮಳೆಗಾಲದ ಹೊತ್ತಿಗೆ ಮಾವನಿಗೆ ಎದೆ ಹಿಡಿದುಕೊಂಡಂತಾಯಿತು. ನರಸೀಪುರದ ಡಾಕ್ಟರು ನೋಡಿ, ರಕ್ತನಾಳ ಮೂರು ಕಡೆ ಕಟ್ಟಿದೆ, ಮೈಸೂರಿಗೆ ಹೋಗಿ ಆಪರೇಷನ್ ಮಾಡಿಸಿಕೊಳ್ಳಲೇಬೇಕು, ತಡ ಮಾಡಿದರೆ ಉಳಿಯುವುದು ಕಷ್ಟ ಅಂದುಬಿಟ್ಟರು. ಮಾವ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಮೊದಲ ದಿನ ಮಳೆ ಅಂದರು. ಎರಡನೇ ದಿನ ಮೈಸೂರಿನ ರಸ್ತೆ ಸರಿಯಿಲ್ಲ ಅಂದರು. ಮೂರನೇ ದಿನ ಡಾಕ್ಟರ ಕೈಬರಹ ಸರಿಯಿಲ್ಲ, ಅಂಥವನು ನೆಟ್ಟಗೆ ಕೊಯ್ಯುತ್ತಾನಾ ಅಂದರು! ಅತ್ತೆ ನನಗೆ ಫೋನ್ ಮಾಡಿ ಅತ್ತರು. ಆಕೆ ಅತ್ತಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಆಚಾರ್ರಿಗೂ ಸಿದ್ದರಾಜುವಿಗೂ ಹೇಳಿ, ಮೂವರೂ ಸೇರಿ ಬೆಳಿಗ್ಗೆಯೇ ಹೋದೆವು. ಹೊರಗಡೆ ಕಾರು ನಿಲ್ಲಿಸಿಕೊಂಡಿದ್ದೆವು.

ಮಾವ ನಕ್ಷೆಯ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಮುಖ ಇಳಿದು ಹೋಗಿತ್ತು. ಅತ್ತೆ ನನ್ನನ್ನು ಅಡಿಗೆ ಮನೆಗೆ ಕರೆದು ಪಿಸುಗುಟ್ಟಿದರು.

"ನೆನ್ನೆ ಬೆಳಿಗ್ಗೆ ಕಿಟ್ಕಿ ಬಾಗ್ಲೆಲ್ಲ ಹಾಕಂಡು, ಫ್ಯಾನ್ ಆರಿಸ್ಕಂಡು, ಆ ಇಟ್ಗೆಗೆ ಹೂ ಅಂಟಿಸ್ಕಂಡು ಕೂತಿದ್ರು ಕಣವ್ವ. ಬಾಯಿಗೆ ಟವಲ್ ಬೇರೆ. ಒಬ್ರೇ. ಒಂದು ಗಂಟೆ ಕೂತಿದ್ರು. ಎಡಗಡೇದೂ ಬೀಳ್ನಿಲ್ಲ, ಬಲಗಡೇದೂ ಬೀಳ್ನಿಲ್ಲ. ಆಮೇಲೆ ನಾನೇ ಓಗಿ ಊಟಕ್ಕೆ ಎಬ್ಬಿಸ್ದೆ."

ಗುಡಿಯ ಮೆಟ್ಟಿಲು ತುಳಿಯದ ಮನುಷ್ಯ! ದೇವರಿಗೆ ಅಂಕಿ ಹಾಕಿದ ಮನುಷ್ಯ! ನನಗೆ ನಗು ಬರಬೇಕಿತ್ತು. ಬರಲಿಲ್ಲ.

ನಾನು ಹೋಗಿ ಪಕ್ಕದಲ್ಲಿ ಕೂತು ನೇರವಾಗಿ ಕೇಳಿದೆ. "ಮಾವ, ಭಯವಾ?"

ಅವರು ಹುಣಸೆ ಬೀಜಗಳನ್ನು ಅಂಗೈಯಲ್ಲಿ ಆಡಿಸಿದರು.

"ನಗಬ್ಯಾಡ ಕಣಮ್ಮಿ. ಇಷ್ಟು ವರ್ಷ ಊರೂರು ತಿರುಗ್ದೆ, ಎಲ್ಲೂ ಇಂಗಾಗಿರ್ನಿಲ್ಲ. ಈಗ ಈ ಊರು ಬಿಟ್ರೆ ವಾಪಸ್ ಬರಲ್ಲ ಅಂತ ಅನ್ನಿಸ್ಬಿಟ್ಟದೆ. ನನ್ನ ಆರ್ಡರು ನಾನೇ ಬರ್ದಿದ್ದು. ಗಡಿ ದಾಟಿದ ಆಸಾಮಿಗೆ ರಕ್ಷಣೆ ಇಲ್ಲ. ದಿನಾ ಅದೇ ಕಣ್ಣಿಗೆ ಬತ್ತದೆ."

"ಮಾವ, ಅದು ಆಟ."

"ಗೊತ್ತು ಕಣಮ್ಮಿ. ಎದೆಗೆ ಗೊತ್ತಿಲ್ವಲ್ಲ."

ಆಚಾರ್ರು ಮುಂದೆ ಬಂದು, "ಇವತ್ತಿನಿಂದ ಅನಂತ ಅಂತ ಬರೆದುಬಿಡಿ. ಗಡಿ ಗಿಡಿ ಏನೂ ಬೇಡ. ನನ್ನ ದೇವರು ಎಲ್ಲ ಕಡೆಯೂ ಇದ್ದಾನೆ, ಮೈಸೂರಿನಲ್ಲೂ ಇದ್ದಾನೆ" ಅಂದರು.

ಮಾವ ತಲೆಯಾಡಿಸಿದರು. "ನಿಮ್ಮ ದೇವ್ರು ದೊಡ್ಡೋನು ಆಚಾರ್ರೇ. ಅಷ್ಟು ದೊಡ್ಡೋನಿಗೆ ನರಸೀಪುರದ ಒಬ್ಬ ಮುದುಕನ ಎದೆ ಎಲ್ಲಿ ಕಾಣ್ತದೆ? ನಂಗೆ ಈ ಮಾರಮ್ಮನೇ ಸಾಕಾಗಿತ್ತು. ಇವ್ಳ ಗಡಿ ಇಲ್ಲೀಗಂಟ."

ಹೊರಗಡೆ ಡ್ರೈವರು ಎರಡು ಸಲ ಹಾರ್ನ್ ಹೊಡೆದ. ಆಗ ಸಿದ್ದರಾಜು ಎದ್ದ. ಖಾಕಿ ಅಂಗಿಯಲ್ಲೇ ಬಂದಿದ್ದ, ಡ್ಯೂಟಿಗೆ ಹೋಗುವವನು ರಜೆ ಹಾಕಿ ಬಂದಿದ್ದ. ನಕ್ಷೆಯ ಹತ್ತಿರ ಹೋಗಿ, ಬಗ್ಗಿ, ಗಡಿಕಲ್ಲನ್ನು ಎತ್ತಿ ಜೇಬಿಗೆ ಹಾಕಿಕೊಂಡ!

ಮಾವ ಬೆಚ್ಚಿಬಿದ್ದರು. ನೀವು ಸರ್ವೆಯರುಗಳನ್ನು ನೋಡಿಲ್ಲದಿದ್ದರೆ ಇದು ನಿಮಗೆ ಅರ್ಥವಾಗುವುದಿಲ್ಲ. ಬೇಕಾದರೆ ಅವರ ಕಿಸೆಗೆ ಕೈ ಹಾಕಿ, ಸಹಿಸಿಯಾರು. ಗಡಿಕಲ್ಲಿಗೆ ಕೈ ಹಾಕಿದಿರೋ, ಮುಗಿಯಿತು!

"ಏಯ್! ಗಡಿಕಲ್ಲು ಕೀಳೋದು ಅಪರಾಧ ಕಣ್ಲಾ! ಇಡ್ಲಾ ಕೆಳಕ್ಕೆ!"

"ಇಡಲ್ಲ ಸಾ. ಮೈಸೂರಿಗೆ ತಕ್ಕೋತಾ ಇವ್ನಿ. ಕಲ್ಲೆಲ್ಲಿರ್ತದೋ ಅಲ್ಲೀಗಂಟ ಮಾರಮ್ಮನ ಸರಹದ್ದು ಅಂತ ಆರ್ಡರಲ್ಲೇ ಅದೆ. ನೀವೇ ಬರ್ದಿದ್ದು."

"ಕೇಸ್ ಹಾಕ್ತೀನಿ ನಿನ್ಮೇಲೆ!"

"ಹಾಕಿ ಸಾ. ಕಲ್ಲು ಮೈಸೂರಲ್ಲಿರ್ತದೆ, ಅಲ್ಲಿಗೇ ಬಂದು ಹಾಕಿ." ಅವನು ಬಾಗಿಲಿನ ಹತ್ತಿರ ನಿಂತು, ಬಸ್ಸಿನ ಫುಟ್‌ಬೋರ್ಡ್ ಮೇಲೆ ನಿಂತವನ ಹಾಗೆ ಕೈ ಬೀಸಿದ. "ಬನ್ನಿ ಸಾ, ಬನ್ನಿ ಬನ್ನಿ. ಮುಂದೆ ಸೀಟದೆ."

ಮಾವ ಅವನನ್ನೇ ನೋಡಿದರು. ಆಮೇಲೆ ಚಪ್ಪಲಿ ಹುಡುಕಿದರು. ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಓಡಿ ಬ್ಯಾಗು ತಂದರು. ಮೂರು ದಿನದಿಂದ ತುಂಬಿಟ್ಟಿದ್ದ ಬ್ಯಾಗು.

ದಾರಿಯುದ್ದಕ್ಕೂ ಮಾವ ಬೈಯುತ್ತಲೇ ಬಂದರು. ಕಲ್ಲು ಕಿತ್ತವರನ್ನು ತಮ್ಮ ಸರ್ವಿಸಿನಲ್ಲಿ ಏನೇನು ಮಾಡಿದ್ದೆ ಅಂತ ಹೆಸರು ಹಿಡಿದು ಹೇಳಿದರು. ಸಿದ್ದರಾಜು, "ಊಂ ಸಾ, ಔದು ಸಾ" ಅಂತ ಒಂದೊಂದಕ್ಕೂ ತಲೆಯಾಡಿಸಿದ. ಕಾರು ಊರಿನ ಕೊನೆಯ ಮನೆ ದಾಟಿದಾಗ ಮಾತ್ರ ಮಾವ ಸುಮ್ಮನಾಗಿ ಅವನ ಜೇಬಿನ ಕಡೆ ನೋಡಿದರು. ಅವನು ಜೇಬನ್ನು ಹೊರಗಿನಿಂದಲೇ ತಟ್ಟಿ ತೋರಿಸಿದ.

ಮಾರನೇ ದಿನ ಬೆಳಿಗ್ಗೆ ಆಪರೇಷನ್. ಥಿಯೇಟರಿನ ಬಾಗಿಲು ಮುಚ್ಚಿದ ಮೇಲೆ ಐದು ಗಂಟೆ ಕಾದೆವು. ಆಚಾರ್ರು ಕಣ್ಣು ಮುಚ್ಚಿ ಸಹಸ್ರನಾಮ ಹೇಳುತ್ತಿದ್ದರು. ನಡುವೆ ಒಮ್ಮೆ ಕಣ್ಣು ಬಿಟ್ಟು, "ನಿಮ್ಮ ಮಾವನ ಲೆಕ್ಕದಲ್ಲಿ ನಲವತ್ತಕ್ಕೇ ನಿಲ್ಲಿಸಬೇಕಿತ್ತು ಅಲ್ಲವೇನಮ್ಮ?" ಅಂತ ಕೇಳಿ, ನಗಲು ಹೋಗಿ, ಕಣ್ಣೊರೆಸಿಕೊಂಡು ಮತ್ತೆ ಮೊದಲಿನಿಂದ ಶುರು ಮಾಡಿದರು. ಸಿದ್ದರಾಜು ಕೂರಲಿಲ್ಲ. ಬಾಗಿಲಿನ ಪಕ್ಕದ ಗೋಡೆಗೆ ಒರಗಿ ನಿಂತೇ ಇದ್ದ. ಬಲಗೈ ಮುಷ್ಟಿಯೊಳಗೆ ಕಲ್ಲು. ಕಾಫಿ ಕೊಟ್ಟರೆ ಎಡಗೈಯಲ್ಲಿ ಇಸಿದುಕೊಂಡ.

"ನಿಂಗೆ ಇದರಲ್ಲೆಲ್ಲ ನಂಬಿಕೆ ಇಲ್ವಲ್ಲೋ," ಅಂದೆ.

"ಇಲ್ಲ ಅಕ್ಕ. ಒಂದು ಚೂರೂ ಇಲ್ಲ. ಆದ್ರೆ ಅವ್ರು ನನ್ನ ಜೇಬು ನೋಡ್ಕಂಡು ಒಳಗೋಗವ್ರೆ. ಎಂಗೆ ಕೆಳಗಿಡದು?"

ನನಗೆ ರಾಕ್ಷಸ ತಿಂದ ಅವನ ಆ ನಾಲ್ಕು ಮನೆಗಳು ನೆನಪಾದವು. ಗಡಿಯಿಂದ ಮೂರಂಗುಲ ಆಚೆ ಇದ್ದವು. ಅವನ ಎಡಗೈಯಿಂದ ಖಾಲಿ ಲೋಟ ಇಸಿದುಕೊಂಡೆ.

ಡಾಕ್ಟರು ಹೊರಗೆ ಬಂದು ಎಲ್ಲ ಸರಿಹೋಯಿತು ಅಂದಾಗ ಸಿದ್ದರಾಜು ಮುಷ್ಟಿ ಬಿಚ್ಚಿದ. ಬೆರಳುಗಳು ತಕ್ಷಣ ಬಿಚ್ಚಿಕೊಳ್ಳಲಿಲ್ಲ. ಅತ್ತೆ ಅವನ ಕೈ ಹಿಡಿದು ಒಂದೊಂದೇ ಬೆರಳನ್ನು ಬಿಡಿಸಿದರು.

ಮೂರು ತಿಂಗಳ ಮೇಲೆ ಮತ್ತೆ ಭಾನುವಾರ ಸೇರಿದೆವು. ಮಾವ ಸೊರಗಿದ್ದರು, ಆದರೆ ಬಾಯಿ ಏನೂ ಸೊರಗಿರಲಿಲ್ಲ. ಎದೆಯ ಹೊಲಿಗೆಯನ್ನು ಆಗಲೇ ಟೇಪು ಹಿಡಿದು ಅಳೆದು, ಡಾಕ್ಟರು ಹೇಳಿದ್ದಕ್ಕಿಂತ ಅರ್ಧ ಅಂಗುಲ ಜಾಸ್ತಿ ಕೊಯ್ದಿದ್ದಾರೆ ಅಂತ ಪತ್ತೆ ಹಚ್ಚಿದ್ದರು! ನಾವು ಕೂರುತ್ತಿದ್ದಂತೆ ಕನ್ನಡಕ ಏರಿಸಿ ಒಂದು ಕಾಗದ ತೆಗೆದರು.

"ಕೇಸು," ಅಂದರು. ಓದತೊಡಗಿದರು. "ಮಾರಳ್ಳಿ ಗ್ರಾಮದ ಗಡಿಕಲ್ಲನ್ನು ಮೂಲಿಕೆ ವೈದ್ಯ ಎಂಬ ಆಸಾಮಿಯು ಬೇಕೆಂದೇ ಕಿತ್ತು, ಮೈಸೂರಿಗೆ ಸಾಗಿಸಿರುವುದು ಸಾಕ್ಷಿಗಳಿಂದ ರುಜುವಾತಾಗಿದೆ. ಸದರಿ ಆಸಾಮಿಯು ಕಲ್ಲನ್ನು ಈ ಕೂಡಲೇ ಹಾಜರುಪಡಿಸತಕ್ಕದ್ದು."

ಸಿದ್ದರಾಜು ನಗುತ್ತಾ ಜೇಬಿನಿಂದ ಕಲ್ಲು ತೆಗೆದುಕೊಟ್ಟ. ಈ ಮೂರು ತಿಂಗಳೂ ಅದು ಅಲ್ಲೇ ಇತ್ತು. ಮಾವ ಕಲ್ಲನ್ನು ಕೈಯಲ್ಲಿ ಹಿಡಿದು ಕಾಗದ ಮುಂದೆ ಓದಲು ನೋಡಿದರು. ಆಗಲಿಲ್ಲ. ಕನ್ನಡಕ ತೆಗೆದು ಕಾಗದವನ್ನು ಪಕ್ಕಕ್ಕಿಟ್ಟರು.

"ನಿನ್ನ ಮನೇನ ನಾಕು ಸಲ ತಿಂದ ಕಣ್ಲಾ," ಅಂದರು. "ನಾನು ಟೇಪು ಇಡ್ಕಂಡು ಪಕ್ಕದಲ್ಲೇ ಕೂತಿದ್ದೆ. ನೀನು ನಕ್ಕಂಡು ಏಳ್ತಿದ್ದೆ, ನಾನೂ ನಕ್ಕಂಡು ಕೇಳ್ತಿದ್ದೆ. ಗಡಿ ಆಚೆ ಹೋಗ್ಬೇಕು ಅಂದಿದ್ದಕ್ಕೇ ನಂಗೆ ಮೂರು ದಿನದಲ್ಲಿ ಉಸ್ರು ಕಟ್ಟೋಯ್ತು. ನಿನ್ನ ಎರಡು ವರ್ಷ ಅಲ್ಲೇ ಕೂರ್ಸಿದ್ರೂ ನೀನು ಬಂದು ಆಡ್ದೆ. ತಪ್ಪಾಯ್ತು."

ಸಿದ್ದರಾಜು ನಕ್ಷೆಯ ಮೇಲಿನ ಧೂಳನ್ನು ಅಂಗೈಯಿಂದ ಒರೆಸತೊಡಗಿದ.

ಮಾವ ಬಗ್ಗಿ ಕಲ್ಲನ್ನು ನಕ್ಷೆಯ ಮೇಲೆ ಇಟ್ಟರು. ಹಳೇ ಜಾಗದಲ್ಲಲ್ಲ. ಕೇರಿಯ ಆಚೆ, ಹೊಲದ ಆಚೆ, ಹಾಳೆಯ ಅಂಚಿನವರೆಗೆ ಸರಿಸಿದರು. ಅಲ್ಲಿಗೂ ನಿಲ್ಲದೆ ಇನ್ನೂ ಸರಿಸಿ ಬರಿ ನೆಲದ ಮೇಲೆ ಇಟ್ಟರು. "ಒಂದು ಹೊಸ ಹಾಳೆ ಅಂಟಿಸಮ್ಮಿ," ಅಂದರು ನನಗೆ. ನಾನು ಗೋಂದು ತಂದೆ. ಆಚಾರ್ರು ಹಾಳೆಯ ಒಂದು ತುದಿ ಹಿಡಿದುಕೊಂಡರು, ಸಿದ್ದರಾಜು ಇನ್ನೊಂದು ತುದಿ.

ಗೋಂದು ಒಣಗುವವರೆಗೆ ಅವನು ಕಲ್ಲನ್ನೇ ನೋಡುತ್ತಿದ್ದ. ಆಮೇಲೆ ಕೇಳಿದ.

"ಇಷ್ಟು ದೊಡ್ಡ ಸರಹದ್ದಾಗೋಯ್ತಲ್ಲ ಸಾ. ಪಾಪ ಮಾರಮ್ಮಂಗೆ ನಲವತ್ತು ಪಾಯಿಂಟು ಸಾಲ್ತದಾ?"

ಮಾವ ಹುಣಸೆ ಬೀಜಗಳನ್ನು ಅವನ ಅಂಗೈಗೆ ಸುರಿದರು.

"ಸಾಲ್ದಿದ್ರೆ ನಾವಿಲ್ವೇನ್ಲಾ?"